ಪೌತಿ ಖಾತೆಗೆ 15,000 ಕೇಳುತ್ತಿದ್ದಾರೆ: ಲೋಕಾಯುಕ್ತಕ್ಕೆ ಹೋದವರು ಅನುಭವ ಹೇಳಿ

ಹೊಸ ಖಾತೆದಾರ
ಅಪ್ಪ ತೀರಿಕೊಂಡು ಒಂದು ವರ್ಷ ದಾಟಿತು. ಎರಡು ಎಕರೆ ಹತ್ತು ಗುಂಟೆ ಜಮೀನು. ಪೌತಿ ಖಾತೆ, ಅಂದರೆ ಅಪ್ಪನ ಜಮೀನು ಅಮ್ಮ, ನಾನು, ತಂಗಿ ಮೂವರ ಹೆಸರಿಗೆ ಜಂಟಿಯಾಗಿ ಆಗಬೇಕು. ವಂಶವೃಕ್ಷ, ಮರಣ ಪತ್ರ ಎಲ್ಲ ಕೊಟ್ಟಿದ್ದೇವೆ. ತಕರಾರು ಯಾರದ್ದೂ ಇಲ್ಲ. ಕೇಸ್ ವರ್ಕರ್ 15,000 ಕೇಳುತ್ತಿದ್ದಾರೆ, "ಮೇಲಕ್ಕೂ ಹೋಗಬೇಕು" ಅಂತ. ಮುಂದಿನ ತಿಂಗಳು ಬೆಳೆ ಸಾಲ ಹೊಸದು ಮಾಡಿಸಬೇಕು. ಟ್ರ್ಯಾಪ್ ಮಾಡಿಸಿದರೆ, ಅಂದರೆ ದುಡ್ಡು ತೆಗೆದುಕೊಳ್ಳುವಾಗಲೇ ಹಿಡಿಸಿದರೆ, ಆಮೇಲೆ ನಮ್ಮ ಫೈಲ್ ಗತಿ ಏನು? ಸರ್ಕಾರ ಬಿಗಿ ಮಾಡಿದೆ ಅಂತ ದಿನಾ ಪೇಪರಲ್ಲಿ ಬರುತ್ತದೆ. ನಿಜವಾಗಿ ಹೋದವರು ಹೇಳಿ.

ಕೈ ತೊಳೆಸಿದವ
ನಾನು ಹೋಗಿದ್ದೆ. 2019ರಲ್ಲಿ, ಆಗ ಲೋಕಾಯುಕ್ತದ ಬದಲು ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಇತ್ತು. ನನ್ನದು ಪೋಡಿ ಕೆಲಸ, ಜಮೀನು ಅಳೆದು ನನ್ನ ಭಾಗ ಬೇರೆ ಮಾಡಿಸುವುದು. ಸರ್ವೆಯರ್ ಕೇಳಿದ್ದು 30,000. ಚೌಕಾಸಿ ಮಾಡಿ 20,000ಕ್ಕೆ ಇಳಿಸಿದೆ, ಮಾತು ರೆಕಾರ್ಡ್ ಆಗಲಿ ಅಂತಲೇ. ಟ್ರ್ಯಾಪ್ ದುಡ್ಡು ಸರ್ಕಾರದ್ದು ಅಂದುಕೊಂಡವರಿಗೆ ಹೇಳುತ್ತೇನೆ, ನಾನು ನನ್ನ ಜೇಬಿನಿಂದಲೇ ತಂದೆ. ಹೆಂಡತಿಯ ಬಳೆ ಅಡವಿಟ್ಟು. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದೂವರೆ.

ಒಂದೊಂದು ನೋಟಿನ ನಂಬರನ್ನೂ ಬರೆದುಕೊಂಡು, ಸೋಡಾ ನೀರಿಗೆ ತಾಗಿದರೆ ಗುಲಾಬಿ ಆಗುವ ಪೌಡರ್ ಹಚ್ಚಿದರು. ಬೇರೆ ಇಲಾಖೆಯ ಇಬ್ಬರು ನೌಕರರು ಪಂಚರು. ಅವರಲ್ಲಿ ಒಬ್ಬರು ನನ್ನ ಜೊತೆಗೇ ಬಂದರು, ಭಾವ ಅಂತ ಪರಿಚಯ ಮಾಡಿಸಬೇಕಿತ್ತು. ಪುಣ್ಯಾತ್ಮರು ನನಗಿಂತ ಜಾಸ್ತಿ ಬೆವರುತ್ತಿದ್ದರು. ಸರ್ವೆಯರ್ ಟೀ ಅಂಗಡಿ ಹಿಂದೆ ಕರೆದ. "ತಂದಿದ್ದೀಯಾ?" ಅಂದ. ಕೊಟ್ಟೆ. ಎಣಿಸಿ ಪ್ಯಾಂಟ್ ಜೇಬಿಗೆ ಹಾಕಿಕೊಂಡ. ಸೋಡಾ ಪುಡಿಯ ನೀರಲ್ಲಿ ಕೈ ಅದ್ದಿಸಿದರು, ನೀರು ಗುಲಾಬಿ. ಜೇಬು ತಿರುವಿ ತೊಳೆದರು, ಅದೂ ಗುಲಾಬಿ. ಪ್ಯಾಂಟನ್ನೇ ಸೀಲ್ ಮಾಡಿದ್ದರಿಂದ ಅವನಿಗೆ ಮನೆಯಿಂದ ಲುಂಗಿ ತರಿಸಬೇಕಾಯಿತು.

ಸಂತೋಷ ಅಲ್ಲಿಗೆ ಮುಗಿಯಿತು. ಮಹಜರಿಗೆ ಸಹಿ ಹಾಕಿ ಮನೆ ಸೇರುವಾಗ ನಡುರಾತ್ರಿ. ಅವನು ಸಸ್ಪೆಂಡ್ ಆಗಿ ಅರ್ಧ ಸಂಬಳ ಎಣಿಸುತ್ತಾ ಕೂತ. ಬದಲಿಗೆ ಬಂದ ಸರ್ವೆಯರ್ ನನ್ನ ಕಡತ ಮುಟ್ಟಲೇ ಇಲ್ಲ. "ನಿಮ್ಮದು ಕೇಸಲ್ಲಿದೆ, ಮೂಲ ದಾಖಲೆ ಜಪ್ತಿ ಆಗಿದೆ" ಅಂದರು. ದೃಢೀಕೃತ ನಕಲಿಗೆ ಅರ್ಜಿ, ಅಕ್ಕಪಕ್ಕದ ಹೊಲದವರಿಗೆ ಹೊಸದಾಗಿ ನೋಟಿಸ್, ಆ ಅಕ್ಕಪಕ್ಕದವರಲ್ಲಿ ಒಬ್ಬ ಸರ್ವೆಯರ್‌ನ ದೋಸ್ತಿ. ಕೋರ್ಟ್ ಕೇಸ್ ಇನ್ನೂ ಬಾಕಿ ಇರುವಾಗಲೇ 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿ ಕೇಸುಗಳು ಲೋಕಾಯುಕ್ತ ಪೊಲೀಸರಿಗೆ ಹೋದವು. ಸಾಕ್ಷಿಗೆ ಸಮನ್ಸ್ ಬಂದಾಗಲೆಲ್ಲ ಬಸ್ಸಿಗೆ 140, ಊಟಕ್ಕೆ 80, ಆ ದಿನದ ಕೆಲಸವೂ ಹೋಯಿತು. ಕಟಕಟೆಯಲ್ಲಿ ಅವನ ವಕೀಲರು ಕೇಳಿದ್ದೇನು ಗೊತ್ತಾ? "ನೀವು ನನ್ನ ಕಕ್ಷಿದಾರರಿಂದ ಕೈಸಾಲ ಪಡೆದಿದ್ದಿರಿ, ಅದನ್ನೇ ವಾಪಸ್ ಕೊಟ್ಟಿದ್ದು ಅಂದರೆ ಸರಿ ತಾನೆ?" ಕೇಳಿ ಮೈ ಉರಿದು ಹೋಯಿತು. ಆದರೂ ಹೇಳುತ್ತೇನೆ, ಮತ್ತೆ ಕೇಳಿದರೆ ಮತ್ತೆ ಹಿಡಿಸುತ್ತೇನೆ.

ಕೊಟ್ಟು ಮಲಗಿದವ
ನಾನು ಕೊಟ್ಟೆ. ನಾಚಿಕೆ ಏನೂ ಇಲ್ಲ. ಒಟ್ಟು 12,000. ಕೇಸ್ ವರ್ಕರ್‌ಗೆ 8,000, ಆರ್‌ಐ (ಕಂದಾಯ ನಿರೀಕ್ಷಕ) ಹೆಸರಲ್ಲಿ 2,500, ಹೊರಗೆ ಅರ್ಜಿ ಬರೆಯುವ ಬ್ರೋಕರ್‌ಗೆ 1,000, ಜವಾನನಿಗೆ ಟೀ ಖರ್ಚು 500. ಆರ್‌ಐಗೆ ನಿಜಕ್ಕೂ ತಲುಪಿತೋ ಇಲ್ಲವೋ ದೇವರಿಗೇ ಗೊತ್ತು. ಪಹಣಿಯಲ್ಲಿ ಹೆಸರು ಬಂತು, ಸಾಲ ಸಿಕ್ಕಿತು, ಮಳೆಗಾಲಕ್ಕೆ ಮುಂಚೆ ಬೋರ್ ಕೊರೆಸಿದೆ. ಮೇಲಿನವರು ಬಳೆ ಅಡವಿಟ್ಟು ಆದರ್ಶ ಸಾಧಿಸಿದ್ದಾರೆ, ಒಳ್ಳೆಯದು. ಪೋಡಿ ಆಯಿತಾ ಸ್ವಾಮಿ?

ಕೈ ತೊಳೆಸಿದವ
ಆಯಿತು. 2021ರಲ್ಲಿ. ಒಂದು ಪೈಸೆ ಕೊಡದೆ.

ಕೊಟ್ಟು ಮಲಗಿದವ
20,000ಕ್ಕೆ ಒಂದೂವರೆ ಬಡ್ಡಿ ಅಂದರೆ ತಿಂಗಳಿಗೆ 300. ಎರಡು ವರ್ಷಕ್ಕೆ 7,200. ಬಸ್ಸು, ಊಟ, ಹೋದ ಕೆಲಸ ಸೇರಿಸಿ. ನನ್ನ 12,000 ದಾಟಿರುತ್ತದೆ. ಲಂಚ ಕೊಡಲಿಲ್ಲ ಅನ್ನುವುದೊಂದೇ ಲಾಭ.

ಕೈ ತೊಳೆಸಿದವ
ಟ್ರ್ಯಾಪ್ ದುಡ್ಡಿಗೆ ಅರ್ಜಿ ಕೊಟ್ಟು ವಾಪಸ್ ಪಡೆದಿದ್ದೇನೆ. ಬಳೆ ಈಗ ಮನೆಯಲ್ಲೇ ಇದೆ. ನಿಮ್ಮ 8,000 ಎಲ್ಲಿದೆ? ನಿಮ್ಮಂಥವರು ಚೌಕಾಸಿಯನ್ನೂ ಮಾಡದೆ ಕೊಟ್ಟಿದ್ದಕ್ಕೇ ರೇಟ್ ಕಾರ್ಡ್ ಆಗಿದ್ದು. ಈಗ ಈ ಹುಡುಗನಿಗೆ 15,000 ಹೇಳಿದ್ದಾರಲ್ಲ, ಅದು ನೀವು ಹಾಕಿಕೊಟ್ಟ ದಾರಿ.

ಕಲಂ ಓದುವವಳು
ಇಬ್ಬರೂ ಸ್ವಲ್ಪ ಸುಮ್ಮನಿರಿ. ಕೊಟ್ಟು ಮಲಗಿದವರೇ, ಹೀಗೆ ಎಲ್ಲರೆದುರು ಬರೆಯುವ ಮೊದಲು ಯೋಚಿಸಿ. 2018ರ ಜುಲೈನಿಂದ ಲಂಚ ಕೊಡುವುದೂ ನೇರ ಅಪರಾಧ, ಭ್ರಷ್ಟಾಚಾರ ತಡೆ ಕಾಯ್ದೆಯ 8ನೇ ಕಲಂ, 7 ವರ್ಷದವರೆಗೆ ಜೈಲು. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು, ಆಗ ಬಚಾವ್. ಮೊದಲೇ ತಿಳಿಸಿ ಟ್ರ್ಯಾಪ್‌ಗೆ ಅಂತ ಕೊಟ್ಟರೆ ಅಪರಾಧವೇ ಅಲ್ಲ. ತನಿಖೆಗೆ ಮೊದಲು ಅನುಮತಿ ಬೇಕು ಅನ್ನುವ 17ಎ ಕೂಡ ಸ್ಥಳದಲ್ಲೇ ಹಿಡಿಯುವ ಕೇಸಿಗೆ ಅಡ್ಡ ಬರುವುದಿಲ್ಲ.

ನಮ್ಮ ಮಾವ ಲಂಚದ ದೂರು ಕೊಟ್ಟ ಕೇಸ್ ನಾನೇ ಓಡಾಡಿ ನಡೆಸಿದ್ದು, ಅದಕ್ಕೇ ಇಷ್ಟು ಗೊತ್ತು. ಕೇಸ್ ಸಿಕ್ಕಿಹಾಕಿಕೊಂಡಿದ್ದು ಎಲ್ಲಿ ಅಂದರೆ 19ನೇ ಕಲಂ. ಕೋರ್ಟಲ್ಲಿ ಕೇಸ್ ನಡೆಸಲು ಲಂಚ ಕೇಳಿದ ನೌಕರನ ಇಲಾಖೆಯೇ ಮಂಜೂರಾತಿ ಕೊಡಬೇಕು. ಮೂರು ತಿಂಗಳು, ಬೇಕಾದರೆ ಇನ್ನೊಂದು ತಿಂಗಳು ಅಂತ ಬರೆದಿದೆ. ಬರೆದಿದೆ ಅಷ್ಟೇ. ಮಾವ ಮಂಜೂರಾತಿ ಬರುವ ಮೊದಲೇ ಹೋಗಿಬಿಟ್ಟರು. ದೂರುದಾರ ಸತ್ತರೆ ಕೇಸೂ ಸತ್ತಂತೆ ಅಂತ ಊರವರೆಲ್ಲ ಹೇಳಿದರು. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಐವರ ಪೀಠ ನೀರಜ್ ದತ್ತಾ ಕೇಸಲ್ಲಿ ಹೇಳಿತು, ದೂರುದಾರ ತೀರಿಕೊಂಡರೂ, ಸಾಕ್ಷಿ ತಿರುಗಿದರೂ, ಬೇರೆ ಪುರಾವೆಯಿಂದ ಲಂಚ ಕೇಳಿದ್ದನ್ನು ಸಾಬೀತು ಮಾಡಬಹುದು ಅಂತ. ಆ ಒಂದು ತೀರ್ಪಿನ ಮೇಲೆ ನಮ್ಮ ಕೇಸ್ ನಿಂತಿದೆ.

ಕೊಟ್ಟು ಮಲಗಿದವ
ನಾನು ಕೊಟ್ಟಿದ್ದು 2017ರಲ್ಲಿ ಮೇಡಂ. ನಿಮ್ಮ 8ನೇ ಕಲಂ ನನಗೆ ತಾಗುವುದಿಲ್ಲ.

ಕಲಂ ಓದುವವಳು
ಹಳೇ ಕಾಯ್ದೆಯಲ್ಲಿ 12ನೇ ಕಲಂ ಇತ್ತು, ಪ್ರಚೋದನೆ. ಅದನ್ನೂ ಓದಿ, ಆಮೇಲೆ ಮಲಗಿ.

ನಿವೃತ್ತ ಎಫ್‌ಡಿಎ
ಇಲ್ಲಿ ಎಲ್ಲರಿಗೂ ನೌಕರನೇ ಕಳ್ಳ. ನಾನು ಇಡೀ ಸರ್ವಿಸ್ ಕಂದಾಯದಲ್ಲೇ ಮುಗಿಸಿದವನು. ಪ್ರಿಂಟರ್ ಟೋನರ್ ನಮ್ಮ ದುಡ್ಡು, ಸಾಹೇಬರ ಜೊತೆ ಬಂದವರ ಊಟ ನಮ್ಮ ದುಡ್ಡು. ಚುನಾವಣೆ, ಬೆಳೆ ಸಮೀಕ್ಷೆ, ಪರಿಹಾರದ ಎಂಟ್ರಿ, ಎಲ್ಲ ಒಬ್ಬನ ತಲೆ ಮೇಲೆ. 2024ರಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಆ್ಯಪ್‌ಗಳ ಹೊರೆ ತಾಳದೆ ಮುಷ್ಕರ ಕೂತಿದ್ದು ಯಾರಿಗೆ ನೆನಪಿದೆ?

ನಮ್ಮ ಆಫೀಸಲ್ಲಿ ಒಬ್ಬರಿಗೆ ಟ್ರ್ಯಾಪ್ ಆಯಿತು. ಅವರು ದುಡ್ಡು ಕೇಳಿದವರೇ ಅಲ್ಲ. ಬಂದವನು ಟೇಬಲ್ ಡ್ರಾಯರ್‌ಗೆ ಕವರ್ ತುರುಕಿದ, ಇವರು ತೆಗೆದು ಏನಿದು ಅಂತ ನೋಡಿದರು, ಕೈ ತೊಳೆಸಿದ ನೀರು ಗುಲಾಬಿ ಆಯಿತು. 48 ಗಂಟೆ ಕಸ್ಟಡಿ ದಾಟಿದ್ದಕ್ಕೆ ತಾನಾಗಿಯೇ ಸಸ್ಪೆಂಡ್. ಮಗಳ ನಿಶ್ಚಿತಾರ್ಥ ಮುರಿಯಿತು. ಮನೆ ಸಾಲದ ಕಂತು 11,200, ಕೈಗೆ ಬರುವುದು ಅರ್ಧ ಸಂಬಳ. ವಕೀಲರಿಗೆ ಅಂತ ಹೆಂಡತಿಯ ತವರಿನ ಸೈಟ್ ಮಾರಿದರು. ಕೊನೆಗೆ ಕೋರ್ಟ್ ಖುಲಾಸೆ ಮಾಡಿತು, ಕೇಳಿದ್ದು ಸಾಬೀತಾಗಿಲ್ಲ ಅಂತ. ಸಿಕ್ಕಿಬಿದ್ದ ದಿನ ಪೇಪರಲ್ಲಿ ಫೋಟೋ ಬಂದಿತ್ತು. ಖುಲಾಸೆ ಆದ ದಿನ ಒಂದು ಸಾಲೂ ಇಲ್ಲ.

ಕೈ ತೊಳೆಸಿದವ
ನಿಮ್ಮ ಸ್ನೇಹಿತರ ಕಥೆ ಕೇಳಿ ಬೇಸರ ಆಯಿತು ಸರ್. ಆದರೆ ಆ ಫೈಲ್ ಟೇಬಲ್ ಮೇಲೆ ಎಷ್ಟು ಕಾಲ ಕೂತಿತ್ತು, ಅದನ್ನು ಹೇಳಲಿಲ್ಲ ನೀವು.

ನಿವೃತ್ತ ಎಫ್‌ಡಿಎ
ಫೈಲ್ ಕೂರುವುದು ಟೇಬಲ್‌ನಿಂದಲ್ಲ, ಮೇಲಿನ ಫೋನಿನಿಂದ. ಆಯಕಟ್ಟಿನ ಜಾಗಕ್ಕೆ ವರ್ಗಾವಣೆ ಹೇಗೆ ಆಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅಲ್ಲಿ ಪೌಡರ್ ಹಚ್ಚುವವರು ಯಾರು?

ಸಕಾಲದ ಅಕ್ಕ
ಟ್ರ್ಯಾಪೂ ಬೇಡ, ಲಂಚವೂ ಬೇಡ. ನಾನು ಕಾಗದದಲ್ಲೇ ಮಣಿಸಿದೆ. ಸರ್ಕಾರಿ ಕೆಲಸ ಗೊತ್ತುಪಡಿಸಿದ ದಿನದೊಳಗೆ ಆಗಬೇಕು ಅನ್ನುವ ಸಕಾಲ ಕಾಯ್ದೆ ಏಪ್ರಿಲ್ 2012ರಿಂದ ಇದೆ, ಯಾರೂ ನೆಟ್ಟಗೆ ಬಳಸುವುದಿಲ್ಲ. ಅರ್ಜಿ ಕೊಟ್ಟರೆ 15 ಅಂಕಿಯ ಸಂಖ್ಯೆ ಬರಬೇಕು. ನನಗೆ ಕೌಂಟರಿನಲ್ಲಿ "ಇಟ್ಟು ಹೋಗಿ, ನಾಳೆ ಎಂಟ್ರಿ ಮಾಡುತ್ತೇವೆ" ಅಂದರು. ಅಲ್ಲೇ ನಿಂತೆ. ಸಂಖ್ಯೆ ಬರುವವರೆಗೆ ಕದಲಲಿಲ್ಲ. ಅವಧಿ ಮುಗಿಯುವ ಹಿಂದಿನ ದಿನ "ದಾಖಲೆ ಅಪೂರ್ಣ" ಅಂತ ತಿರಸ್ಕಾರ. ಇದು ಅವರ ಆಟ, ತಡ ಆಗಿದೆ ಅಂತ ಲೆಕ್ಕಕ್ಕೆ ಸಿಗಬಾರದು ಅಲ್ವಾ. ಮೇಲ್ಮನವಿ ಹಾಕಿದೆ. ಜೊತೆಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಅರ್ಜಿ, ಯಾವ ದಾಖಲೆ ಅಪೂರ್ಣ, ಟಿಪ್ಪಣಿ ಹಾಳೆಯ ನಕಲು ಕೊಡಿ ಅಂತ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. ನನ್ನ ಮೊದಲ ಅರ್ಜಿ ಅದಕ್ಕೇ ವಾಪಸ್ ಬಂತು. ಎರಡನೆಯದು ಹೋಯಿತು. ಟಿಪ್ಪಣಿ ಹಾಳೆಯಲ್ಲಿ ಯಾವ ಕಾರಣವೂ ಬರೆದಿರಲಿಲ್ಲ! ಆ ನಕಲನ್ನು ಮೇಲ್ಮನವಿಗೆ ಲಗತ್ತಿಸಿದ ಮೇಲೆ ಖಾತೆ ಆಯಿತು.

ಕೊಟ್ಟು ಮಲಗಿದವ
ತಡ ಆದದ್ದಕ್ಕೆ ಪರಿಹಾರ ಸಿಕ್ಕಿತಾ ಅಕ್ಕ?

ಸಕಾಲದ ಅಕ್ಕ
ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಕೇಳಲಿಲ್ಲ. ಅದನ್ನು ಪಡೆಯಲು ಜೆರಾಕ್ಸ್, ಆಟೋ ಸೇರಿ ಜಾಸ್ತಿ ಆಗುತ್ತಿತ್ತು. ನಗಬೇಡಿ.

ಹಳೇ ಕಾಲದವ
ಇವೆಲ್ಲ ಈಗಿನ ಕಾಗದದ ಸರ್ಕಸ್. ನ್ಯಾಯಮೂರ್ತಿ ವೆಂಕಟಾಚಲ ಲೋಕಾಯುಕ್ತರಾಗಿದ್ದಾಗ ನೋಡಬೇಕಿತ್ತು. ಆಸ್ಪತ್ರೆಗೆ, ಆರ್‌ಟಿಒ ಕಚೇರಿಗೆ ಹೇಳದೆ ಕೇಳದೆ ನುಗ್ಗುತ್ತಿದ್ದರು. ಅವರ ನಂತರ ಬಂದ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು, ಅದೇ ತಿಂಗಳ ಕೊನೆಗೆ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ಅಂಥ ಸಂಸ್ಥೆಯ ಹಲ್ಲು ಕಿತ್ತು 2016ರಲ್ಲಿ ಎಸಿಬಿ ಮಾಡಿದರು, ಸರ್ಕಾರದ ಕೈಕೆಳಗೆ. ಮೇಲೆ ಒಬ್ಬರು ಎಸಿಬಿಗೆ ಹೋಗಿ ಎದೆ ತಟ್ಟಿಕೊಳ್ಳುತ್ತಿದ್ದಾರಲ್ಲ, ಅವರಿಗೆ ಇದು ಗೊತ್ತಿರಲಿ.

ಕೈ ತೊಳೆಸಿದವ
ನನಗೆ 2019ರಲ್ಲಿ ಇದ್ದದ್ದು ಎಸಿಬಿ. ಟೈಮ್ ಮೆಷಿನ್ ಇರಲಿಲ್ಲ ತಾತ. 2015ರಲ್ಲಿ ಲೋಕಾಯುಕ್ತದ ಒಳಗೇ ವಸೂಲಿ ಆರೋಪ ಎದ್ದು ಆಗಿನ ಲೋಕಾಯುಕ್ತರು ರಾಜೀನಾಮೆ ಕೊಟ್ಟರು. ಅದನ್ನು ಯಾಕೆ ಬಿಟ್ಟಿರಿ? ಎಸಿಬಿ ಹುಟ್ಟಿದ್ದು ಅದರ ಬೆನ್ನಿಗೇ.

ಹಳೇ ಕಾಲದವ
ಒಬ್ಬರು ಕೆಟ್ಟರೆ ಸಂಸ್ಥೆಯನ್ನೇ ಮುಚ್ಚುವುದಾ? ತಾತ ಅನ್ನುವ ಸಲಿಗೆ ಬೇಡ.

ಪಿಎಸ್‌ಐ ಅಣ್ಣ
ಮುಚ್ಚುವ ವಿಷಯ ಬಂತಲ್ಲ, ನಾನೂ ಹೇಳುತ್ತೇನೆ. ನನ್ನ ತಮ್ಮ 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಯ ಪರೀಕ್ಷೆ ಬರೆದಿದ್ದ. ಆಯ್ಕೆ ಪಟ್ಟಿಯಲ್ಲಿ ಹೆಸರಿತ್ತು, ಪೇಢಾ ಹಂಚಿದ್ದೆವು. ಉತ್ತರ ಪತ್ರಿಕೆ (ಒಎಂಆರ್) ತಿದ್ದಿದ ಹಗರಣ ಹೊರಬಿತ್ತು, 2022ರ ಏಪ್ರಿಲ್‌ನಲ್ಲಿ ಇಡೀ ಪರೀಕ್ಷೆ ರದ್ದು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯನ್ನೇ ಬಂಧಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಾಮಾಣಿಕವಾಗಿ ಬರೆದವರ ಗತಿ? ಕೋಚಿಂಗ್‌ಗೆ 35,000 ಹಾಕಿದ್ದೆವು, ಧಾರವಾಡದಲ್ಲಿ ರೂಮ್ ಬಾಡಿಗೆ ತಿಂಗಳಿಗೆ 3,500, ಮೆಸ್ 2,800. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ, ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸಿತು. ಅಷ್ಟರಲ್ಲಿ ತಮ್ಮ ಓಟದ ಅಭ್ಯಾಸ ಬಿಟ್ಟು ಗೊಬ್ಬರದ ಅಂಗಡಿ ಸೇರಿದ್ದ. ಬರೆದ, ಆಗಲಿಲ್ಲ. ಮೊದಲ ಸಲ ಪಾಸಾದದ್ದಕ್ಕೆ ಊರಲ್ಲಿ ಈಗಲೂ "ಎಷ್ಟು ಕೊಟ್ಟಿದ್ದ ನಿಮ್ಮ ತಮ್ಮ?" ಅಂತ ಕೇಳುತ್ತಾರೆ.

ನಿವೃತ್ತ ಎಫ್‌ಡಿಎ
ನೋಡಿ, ಇದನ್ನೇ ನಾನು ಹೇಳಿದ್ದು. ಬಲೆ ಬೀಸಿದಾಗ ಸಾಚಾ ಜನರೂ ಸಿಕ್ಕಿಕೊಳ್ಳುತ್ತಾರೆ.

ಪಿಎಸ್‌ಐ ಅಣ್ಣ
ನಿಮ್ಮ ಪಕ್ಷಕ್ಕೆ ನನ್ನನ್ನು ಎಳೆಯಬೇಡಿ ಸರ್. ನನಗೆ ಸಿಟ್ಟಿರುವುದು ಒಎಂಆರ್ ತಿದ್ದಿಸಿಕೊಂಡವರ ಮೇಲೆ. ರದ್ದು ಮಾಡದೆ ಬೇರೆ ದಾರಿ ಇತ್ತು ಅಂತ ನಾನು ಹೇಳುತ್ತಿಲ್ಲ. ತಡ ಮಾಡಿದ್ದಕ್ಕೆ ಹೇಳುತ್ತಿದ್ದೇನೆ.

ಹೊಸ ಖಾತೆದಾರ
ಎಲ್ಲರಿಗೂ ಥ್ಯಾಂಕ್ಸ್. ಕೇಸ್ ವರ್ಕರ್ ಜೊತೆ ಮಾತಾಡಿದ ಒಂದು ಕರೆ ಫೋನಲ್ಲಿ ರೆಕಾರ್ಡ್ ಆಗಿದೆ. ಅದರಲ್ಲಿ ಮೊತ್ತ ಹೇಳಿಲ್ಲ, "ಅವತ್ತು ಹೇಳಿದ್ದು ತಗೊಂಡು ಬಾ" ಅಂದಿದ್ದಾರೆ. ಸಾಕಾಗುತ್ತಾ?

ಕಲಂ ಓದುವವಳು
ಅದೊಂದನ್ನೇ ನಂಬಿ ಕೂರಬೇಡಿ. ದೂರು ಕೊಟ್ಟ ಮೇಲೆ ಅವರೇ ರೆಕಾರ್ಡರ್ ಕೊಟ್ಟು ಇನ್ನೊಮ್ಮೆ ಮಾತಾಡಿಸುತ್ತಾರೆ, ಆಗ ಮೊತ್ತ ಬಾಯಿಂದ ಬರಲಿ. ಇರುವ ರೆಕಾರ್ಡಿಂಗ್ ಅಳಿಸಬೇಡಿ, ಕತ್ತರಿಸಬೇಡಿ, ವಾಟ್ಸಾಪಲ್ಲಿ ಯಾರಿಗೂ ಕಳಿಸಬೇಡಿ. 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾಯ್ದೆ, ರೆಕಾರ್ಡಿಂಗ್‌ಗೆ ಅದರ 63ನೇ ಕಲಂ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಫೋನನ್ನೇ ಕೇಳಬಹುದು.

ಕೈ ತೊಳೆಸಿದವ
ಫೋನ್ ಪ್ರಯೋಗಾಲಯಕ್ಕೆ ಹೋದರೆ ಬೇಗ ಬರುತ್ತದೆ ಅಂತ ಕಾಯಬೇಡ ತಮ್ಮ. ನಂಬರ್‌ಗಳನ್ನು ಬರೆದಿಟ್ಟುಕೋ, ಬ್ಯಾಂಕ್ ಆ್ಯಪ್ ಬೇರೆ ಫೋನಿಗೆ ಹಾಕಿಕೋ. ನಾನು ಆಗ 9,500 ಕೊಟ್ಟು ಇನ್ನೊಂದು ತಗೊಂಡೆ.

ಕೊಟ್ಟು ಮಲಗಿದವ
ಬಡ್ಡಿ 7,200, ಫೋನ್ 9,500. ಈಗಲೇ 16,700 ಆಯಿತು. ಇನ್ನೂ ಏನಾದರೂ ಬಾಕಿ ಇದೆಯಾ?

ಕೈ ತೊಳೆಸಿದವ
ಇದೆ. ಸರ್ವೆಯರ್‌ಗೆ ಲುಂಗಿ ತರಲು ಹೋದ ಹುಡುಗನ ಆಟೋ ಬಾಡಿಗೆ 60. ಅದನ್ನೂ ನಾನೇ ಕೊಟ್ಟೆ, ಖುಷಿಯಿಂದ. ಬರೆದುಕೊಳ್ಳಿ.