ಬಚ್ಚಲಲ್ಲಿ ಬಂದು ಕೂತ ಮರಗಪ್ಪೆಯನ್ನು ಏನು ಮಾಡಲಿ? ಅನುಭವ ಇದ್ದವರು ಹೇಳಿ

ಕೇಳಿದವರು, ಕಲಬುರಗಿ:

ನಮ್ಮದು ಹಳೇ ಮನೆ. ಶಹಾಬಾದ್ ಫರ್ಸಿ ನೆಲ, ಹಿತ್ತಲಲ್ಲಿ ಬಚ್ಚಲು. ಹದಿನೈದು ದಿನದಿಂದ ಒಂದು ಕಪ್ಪೆ ನಳದ ಮೇಲಿನ ಗೋಡೆಗೆ ಅಂಟಿಕೊಂಡಿದೆ. ಹಲ್ಲಿಯ ಹಾಗೆ ನೆಟ್ಟಗೆ ಗೋಡೆ ಹತ್ತುತ್ತದೆ. ಹಗಲಲ್ಲಿ ಬೂದಿ ಬಣ್ಣ, ರಾತ್ರಿ ಲೈಟ್ ಹಾಕಿ ನೋಡಿದರೆ ಕಂದು. ಎರಡು ಸಲ ಮಗ್ಗಿನಲ್ಲಿ ಹಿಡಿದು ಹೊರಗೆ ಬೇವಿನ ಮರದ ಬುಡಕ್ಕೆ ಬಿಟ್ಟು ಬಂದೆ. ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಹಾಜರ್. ಅದೇ ಕಪ್ಪೆಯೋ ಅದರ ತಮ್ಮನೋ ದೇವರಿಗೇ ಗೊತ್ತು.

ಅವ್ವ ಬಚ್ಚಲಿಗೆ ಕಾಲಿಡುತ್ತಿಲ್ಲ. "ಅದಕ್ಕ ವಿಷ ಇರ್ತದ, ಅದರ ಬೆನ್ನಿಗೆ ಹಾವು ಬರ್ತದ" ಅನ್ನುತ್ತಾಳೆ. ಏಳನೇ ಕ್ಲಾಸಿನ ಮಗಳು ಗಾಜಿನ ಡಬ್ಬಿಯಲ್ಲಿ ಹಾಕಿ ಸಾಕೋಣ ಅನ್ನುತ್ತಾಳೆ. ಹೊರಗೆ ಬಿಸಿಲು 42 ದಾಟಿದೆ. ಎಲ್ಲಿ ಬಿಡಬೇಕು, ಹೇಗೆ ಬಿಡಬೇಕು, ಬಿಡಬೇಕಾ? ಹೇಳಿ.

ಜೇವರ್ಗಿಯಿಂದ ಒಬ್ಬರು:

ಒಂದು ಹಿಡಿ ಉಪ್ಪು ಉದುರಿಸಿ. ಇಲ್ಲ ಫಿನಾಯಿಲ್ ಹಾಕಿ. ನಾವು ಹಾಗೇ ಮಾಡೋದು, ಮತ್ತೆ ಬರಲ್ಲ.

ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರ ಓದಿದವರು:

ದಯವಿಟ್ಟು ಬೇಡ. ಮತ್ತೆ ಬರಲ್ಲ ಅಂದರೆ ಓಡಿಹೋಯಿತು ಅಂತಲ್ಲ, ಎಲ್ಲೋ ಮೂಲೆಯಲ್ಲಿ ಸತ್ತುಹೋಗಿರುತ್ತದೆ. ಕಪ್ಪೆ ಬಾಯಿಂದ ನೀರು ಕುಡಿಯಲ್ಲ, ಚರ್ಮದಿಂದ ಹೀರಿಕೊಳ್ಳುತ್ತದೆ. ಹೊಟ್ಟೆಯ ಕೆಳಗೆ, ತೊಡೆ ಸೇರುವ ಕಡೆ ತೆಳ್ಳಗಿನ ಚರ್ಮ ಇರುತ್ತದಲ್ಲ, ಅದೇ ಅದರ ಬಾಯಿ ಅನ್ನಿ. ಉಸಿರಾಟದ ಒಂದು ಪಾಲೂ ಚರ್ಮದ ಮೂಲಕವೇ. ಅಂಥ ಮೈಗೆ ಉಪ್ಪು ಬಿದ್ದರೆ ಒಳಗಿನ ನೀರೆಲ್ಲ ಹೊರಗೆ ಎಳೆದುಕೊಳ್ಳುತ್ತದೆ. ಫಿನಾಯಿಲ್ ಆದರೆ ಸೀದಾ ಒಳಗೇ ಹೋಗುತ್ತದೆ.

ಈಗ ನಿಮ್ಮ ಕಪ್ಪೆ. ನೀವು ಹೇಳಿದ್ದು ನೋಡಿದರೆ ನಮ್ಮ ಸಾಮಾನ್ಯ ಮರಗಪ್ಪೆ ಇರಬೇಕು, ವಿಜ್ಞಾನದ ಹೆಸರು ಪಾಲಿಪೆಡೇಟಿಸ್ ಮ್ಯಾಕುಲೇಟಸ್. 1830ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಜಾನ್ ಎಡ್ವರ್ಡ್ ಗ್ರೇ ಇದಕ್ಕೆ ಹೆಸರು ಕೊಟ್ಟರು. ಇಂಗ್ಲಿಷಿನಲ್ಲಿ ಇದನ್ನು 'ಚುನಾಮ್ ಫ್ರಾಗ್' ಅಂತಲೂ ಕರೆಯುತ್ತಾರೆ. ಚುನಾಮ್ ಅಂದರೆ ಸುಣ್ಣ. ಸುಣ್ಣ ಬಳಿದ ಗೋಡೆಯ ಮೇಲೆ ಕೂರುವ ಚಟ ಅಷ್ಟು ಹಳೇದು! ಖಾತ್ರಿ ಮಾಡಿಕೊಳ್ಳಬೇಕಾದರೆ ಅದು ಕಾಲು ಚಾಚಿದಾಗ ತೊಡೆಯ ಹಿಂಭಾಗ ನೋಡಿ. ಕಪ್ಪುಗಂದು ಬಣ್ಣದ ಮೇಲೆ ಹಳದಿ ಚುಕ್ಕಿ ಇದ್ದರೆ ಅದೇ. ಮಡಚಿ ಕೂತಾಗ ಆ ಚುಕ್ಕಿ ಕಾಣಲ್ಲ.

ವಿಷ ಇಲ್ಲ. ಮುಟ್ಟಿದರೆ ಕೈ ತೊಳೆಯಿರಿ, ಅಷ್ಟೇ. ಫೋನಿನಲ್ಲಿ ಓಡಾಡುವ ಕೆಂಪು-ನೀಲಿ ವಿಷದ ಕಪ್ಪೆಗಳು ಮಧ್ಯ ಮತ್ತು ದಕ್ಷಿಣ ಅಮೆರಿಕದವು. ಅವುಗಳ ಕುಟುಂಬವೇ ಬೇರೆ.

ಕೇಳಿದವರು:

ಹಳದಿ ಚುಕ್ಕಿ ಇದೆ! ಮಗಳು ಟಾರ್ಚ್ ಹಿಡಿದು ಅರ್ಧ ಗಂಟೆ ಕಾದು ನೋಡಿದಳು. ಆದರೆ ಮರಗಪ್ಪೆ ಅಂದಮೇಲೆ ಮರದ ಮೇಲೆ ಇರಬೇಕಲ್ವಾ? ಬೇವಿನ ಮರ ಬಿಟ್ಟು ಬಚ್ಚಲಿಗೆ ಯಾಕೆ ಬರುತ್ತದೆ?

ಕಲಬುರಗಿ, ಕೂಲರ್ ಕೆಲಸ ಮಾಡುವವರು:

ಇದನ್ನು ನನ್ನ ಕೇಳಿ. ಪ್ರತಿ ವರ್ಷ ಮಾರ್ಚ್ ಬಂತಂದ್ರೆ ಕೂಲರ್ ಬಿಚ್ಚುವುದೇ ನನ್ನ ಕೆಲಸ. ಹುಲ್ಲಿನ ಪ್ಯಾಡ್ ತೆಗೆದರೆ ಸಾಕು, ಹಿಂದೆ ಒಂದೋ ಎರಡೋ ಇದೇ ಕಪ್ಪೆ ಮುದುಡಿ ಕೂತಿರುತ್ತವೆ. ಊರೆಲ್ಲ ಬೇಯುವಾಗ ಇಡೀ ಓಣಿಯಲ್ಲಿ ತಣ್ಣಗಿರುವ ಜಾಗ ಅದೊಂದೇ. ಪಾಪ, ಅವಕ್ಕೂ ಗೊತ್ತು. ಮೊದಮೊದಲು ನಾನೂ ಹೆದರಿ ಸ್ಕ್ರೂಡ್ರೈವರ್ ಬಿಟ್ಟು ಓಡಿದ್ದೆ. ಈಗ ಪ್ಯಾಡನ್ನು ನಿಧಾನಕ್ಕೆ ಎತ್ತುತ್ತೇನೆ. ಒಮ್ಮೆ ಫ್ಯಾನ್ ಆನ್ ಮಾಡಿದ ಮೇಲೆ ಗೊತ್ತಾಯಿತು, ಒಳಗಿತ್ತು ಅಂತ. ಆವತ್ತು ಊಟ ಸೇರಲಿಲ್ಲ. ಹಾಗಾಗಿ ಎಲ್ಲರಿಗೂ ಒಂದು ಮಾತು: ತಿಂಗಳುಗಟ್ಟಲೆ ಬಂದ್ ಇದ್ದ ಕೂಲರ್ ಚಾಲೂ ಮಾಡುವ ಮೊದಲು ಒಂದು ಸಲ ಬಡಿದು ನೋಡಿ.

ಬೀದರಿನಿಂದ ಶಿಕ್ಷಕಿ:

ನಾನು ಮಾಡಿದ ತಪ್ಪು ಹೇಳುತ್ತೇನೆ. ನಮ್ಮ ಮನೆಯ ಹಿಂದೆ ಸಿಮೆಂಟಿನ ನೀರಿನ ತೊಟ್ಟಿ ಇದೆ. ಒಂದು ಜುಲೈನಲ್ಲಿ, ಜೋರು ಮಳೆಯಾದ ಮಾರನೇ ದಿನ, ತೊಟ್ಟಿಯ ಒಳಗೋಡೆಗೆ ನೀರಿನಿಂದ ಒಂದು ಗೇಣು ಮೇಲೆ ಮುಷ್ಟಿ ಗಾತ್ರದ ಬಿಳಿ ನೊರೆ ಅಂಟಿತ್ತು. ಬಟ್ಟೆ ಒಗೆದ ಸೋಪಿನ ನೊರೆ ಅಂದುಕೊಂಡು ಪೊರಕೆಯಿಂದ ಕೆರೆದು ಹಾಕಿದೆ. ಕೆರೆದಾಗ ಒಳಗಿನಿಂದ ಸಾಬೂದಾನಿಯಂಥ ಬಿಳಿ ಕಾಳು ಉದುರಿದವು. ಆಗಲೂ ಹೊಳೆಯಲಿಲ್ಲ.

ವಾರದ ನಂತರ ಮತ್ತೆ ಮಳೆ. ಆ ರಾತ್ರಿ ಕರೆಂಟ್ ಹೋಗಿತ್ತು. ತೊಟ್ಟಿಯ ಕಡೆಯಿಂದ ಟಕ್-ಟಕ್-ಟಕ್ ಅಂತ ಯಾರೋ ಮರದ ಮೇಲೆ ಬೆರಳಲ್ಲಿ ಕುಟ್ಟಿದ ಹಾಗೆ ಸದ್ದು. ಬ್ಯಾಟರಿ ಹಿಡಿದು ಹೋದೆ. ದೊಡ್ಡ ಹೆಣ್ಣು ಕಪ್ಪೆ, ಅದರ ಬೆನ್ನ ಮೇಲೆ ಅದರ ಅರ್ಧದಷ್ಟು ಗಂಡು. ಹೆಣ್ಣು ಹಿಂಗಾಲಿನಿಂದ ಏನನ್ನೋ ಕಡೆಯುತ್ತಿತ್ತು. ನಾವು ಮಜ್ಜಿಗೆ ಕಡೆಯುತ್ತೇವಲ್ಲ, ಥೇಟ್ ಹಾಗೇ. ಮೈಯಿಂದ ಬಂದ ಲೋಳೆ ಕಣ್ಣೆದುರೇ ನೊರೆಯಾಗಿ ಉಬ್ಬುತ್ತಿತ್ತು. ಸ್ವಲ್ಪ ಹೊತ್ತು ಕಡೆಯುವುದು, ಸುಮ್ಮನಾಗುವುದು, ಮತ್ತೆ ಕಡೆಯುವುದು. ನಾನು ಒಂದೂವರೆ ಗಂಟೆ ನಿಂತಿದ್ದೆ, ಸೊಳ್ಳೆ ಕಚ್ಚಿದ್ದೂ ಗೊತ್ತಾಗಲಿಲ್ಲ. ಬೆಳಿಗ್ಗೆ ನೊರೆಯ ಮೇಲ್ಭಾಗ ಒಣಗಿ ತೆಳ್ಳಗೆ ಗಟ್ಟಿಯಾಗಿತ್ತು, ಬಣ್ಣ ಸ್ವಲ್ಪ ಹಳದಿಗೆ ತಿರುಗಿತ್ತು. ಒಳಗೆ ಮಾತ್ರ ಒದ್ದೆ. ನಾಲ್ಕೈದು ದಿನಕ್ಕೆ ನೊರೆಯ ತಳ ಕರಗಿ ಮರಿಗಳು ಒಂದೊಂದಾಗಿ ನೀರಿಗೆ ತೊಟ್ಟಿಕ್ಕಿದವು. ಮಕ್ಕಳಿಗೆ ತೋರಿಸೋಣ ಅಂತ ಶಾಲೆಯಿಂದ ಕರೆತಂದೆ, ಅಷ್ಟರಲ್ಲಿ ಅರ್ಧ ಇಳಿದಾಗಿತ್ತು.

ನಿಮ್ಮ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ ಅನ್ನಿಸುತ್ತದೆ. ಅದಕ್ಕೆ ಬೇಕಾದದ್ದು ಎತ್ತರದ ಒಂದು ಜಾಗ, ಕೆಳಗೆ ನಿಂತ ನೀರು. ಅದು ಕೆರೆಯ ಮೇಲೆ ಬಾಗಿದ ಕೊಂಬೆಯಾದರೂ ಆದೀತು, ನಮ್ಮ ತೊಟ್ಟಿಯ ಗೋಡೆಯಾದರೂ ಆದೀತು. ಬೇವಿನ ಬುಡದಲ್ಲಿ ಏಪ್ರಿಲ್‌ನಲ್ಲಿ ಏನಿದೆ, ಧೂಳು!

ಬ್ರಿಸ್ಬೇನಿನಿಂದ, ಊರು ಯಾದಗಿರಿ:

ಆಸ್ಟ್ರೇಲಿಯಾಕ್ಕೆ ಬಂದ ಹೊಸತರಲ್ಲಿ ಟಾಯ್ಲೆಟ್ಟಿನ ಮುಚ್ಚಳ ಎತ್ತಿದರೆ ಅಂಗೈಯಗಲ ಹಸಿರು ಕಪ್ಪೆ ನಗುತ್ತಾ ಕೂತಿತ್ತು. ನಗುತ್ತಿತ್ತು ಅಂದದ್ದು ಸುಳ್ಳಲ್ಲ, ಅದರ ಬಾಯಿಯ ಆಕಾರವೇ ಹಾಗಿದೆ. ಇಲ್ಲಿನ ಹಸಿರು ಮರಗಪ್ಪೆ ಅದು. ಕಾಡಿನ ಮರದ ಪೊಟರೆಯಲ್ಲಿ ಇರಬೇಕಾದದ್ದು ಮನೆಯ ನೀರಿನ ಟ್ಯಾಂಕು, ಕಕ್ಕಸು, ಮಳೆನೀರಿನ ಪೈಪು ಎಲ್ಲದರಲ್ಲೂ ಇರುತ್ತದೆ. ಪೈಪಿನೊಳಗೆ ಕೂತು ಕೂಗಿದರೆ ಮೈಕ್ ಹಾಕಿದ ಹಾಗೆ ಕೇಳುತ್ತದೆ. ಗಂಡು ಕಪ್ಪೆಗೆ ಅದೇ ಬೇಕಲ್ಲ. ಪಕ್ಕದ ಮನೆಯವರನ್ನು ಏನು ಮಾಡಲಿ ಅಂತ ಕೇಳಿದೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. "ಫ್ಲಶ್ ಮಾಡುವ ಮೊದಲು ನೋಡು" ಅಂದರು, ಅಷ್ಟೇ.

ಪ್ರಾಣಿಶಾಸ್ತ್ರ ಓದಿದವರು:

ಹೌದು, ಮರಗಪ್ಪೆ ಅಂದರೆ ಒಂದೇ ಕುಲ ಅಲ್ಲ. ಅಮೆರಿಕ ಖಂಡಗಳಲ್ಲಿ ಮತ್ತು ಆಸ್ಟ್ರೇಲಿಯಾದಲ್ಲಿ ಇರುವವು ಒಂದು ಕಡೆಯವು. ಏಷ್ಯಾ, ಆಫ್ರಿಕಾದ ನೊರೆಗೂಡಿನವು ಇನ್ನೊಂದು ಕಡೆಯವು. ಹತ್ತುವ ಕೆಲಸ ಒಂದೇ ಆದ್ದರಿಂದ ಬೆರಳ ತುದಿಯ ಬಿಲ್ಲೆ ಎರಡಕ್ಕೂ ಬೇರೆಬೇರೆಯಾಗಿ ಬಂದಿದೆ. ಬಚ್ಚಲ ಕಿಟಕಿಯ ಗಾಜಿನ ಮೇಲೆ ಕೂತಾಗ ಹೊರಗಿನಿಂದ ನೋಡಿ, ಗುಂಡನೆಯ ಬಿಲ್ಲೆ ಕಾಣುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದು ಜೇನುಗೂಡಿನ ಹಾಗೆ ಆರು ಮೂಲೆಯ ಕೋಶಗಳು, ನಡುವೆ ಸಣ್ಣ ಕಾಲುವೆಗಳು, ಕಾಲುವೆ ತುಂಬ ಲೋಳೆ. ಒದ್ದೆ ಗಾಜಿಗೂ ಅಂಟುವ ಗುಟ್ಟು ಅಲ್ಲಿದೆ.

ನಮ್ಮ ಬಿಸಿಲಿಗೆ ಹತ್ತಿರದ ಕಥೆ ಒಂದಿದೆ, ಮಗಳಿಗೆ ಹೇಳಿ. ಅರ್ಜೆಂಟೀನಾ, ಪರಾಗ್ವೆ, ಬೊಲಿವಿಯಾ ಸೇರುವ ಕಡೆ ಗ್ರಾನ್ ಚಾಕೊ ಅಂತ ಒಣ ಬಯಲುಸೀಮೆ ಇದೆ. ಅಲ್ಲಿ ಒಂದು ಮರಗಪ್ಪೆ ಮೈಯಿಂದ ಮೇಣ ಸುರಿಸಿ, ನಾಲ್ಕೂ ಕಾಲಿನಿಂದ ತಲೆಯಿಂದ ಬುಡದವರೆಗೆ ಸವರಿಕೊಳ್ಳುತ್ತದೆ. ನಾವು ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಹಾಗೆ. ಮೈ ಒಣಗಲ್ಲ. ಮೂತ್ರದಲ್ಲೂ ನೀರು ಉಳಿಸುತ್ತದೆ, ಮೈಯ ಕಸವನ್ನು ಹಲ್ಲಿಯ ಹಾಗೆ ಗಟ್ಟಿಯಾದ ಯೂರಿಕ್ ಆಮ್ಲವಾಗಿ ಹೊರಹಾಕುತ್ತದೆ. ನಿಮ್ಮ ಬಚ್ಚಲ ಕಪ್ಪೆಯೂ ಹೀಗೆ ಮೈ ಸವರಿಕೊಳ್ಳುವುದನ್ನು 1997ರಲ್ಲೇ ವಿಜ್ಞಾನಿಗಳು ಬರೆದಿದ್ದಾರೆ. ಆದರೆ ಇದರದು ಅಷ್ಟು ಗಟ್ಟಿ ಮೇಣ ಅಲ್ಲ, ಜಿಡ್ಡು ಬೆರೆತ ಲೋಳೆ. ಹಾಗಾಗಿ ಬಚ್ಚಲು ಬೇಕೇ ಬೇಕು. ಆಫ್ರಿಕಾದ ಹುಲ್ಲುಗಾವಲಿನ ನೊರೆಗೂಡಿನ ಕಪ್ಪೆ ಬಿಸಿಲಲ್ಲೇ ಕೊಂಬೆಗೆ ಅಂಟಿ ಕೂರುತ್ತದೆ, ಸೀಮೆಸುಣ್ಣದಷ್ಟು ಬೆಳ್ಳಗಾಗುತ್ತದೆ. ಇದಕ್ಕೆ ತದ್ವಿರುದ್ಧ ಅಂದರೆ ಉತ್ತರ ಅಮೆರಿಕದ ಬೂದು ಮರಗಪ್ಪೆ. ಚಳಿಗಾಲದಲ್ಲಿ ತರಗೆಲೆಯ ಕೆಳಗೆ ಹೆಪ್ಪುಗಟ್ಟಿ ಬಿದ್ದಿರುತ್ತದೆ, ವಸಂತ ಬಂದಾಗ ಕರಗಿ ಎದ್ದು ಕೂಗುತ್ತದೆ.

ಚಿಂಚೋಳಿ ಕಡೆಯವರು:

ಹಸಿರು ಬಣ್ಣದ ಹಾರುವ ಕಪ್ಪೆ ನಮ್ಮ ಕುಂಚಾವರಂ ಕಾಡಲ್ಲಿ ಸಿಗುತ್ತದಾ ಅಂತ ಪೇಟೆಯ ಹುಡುಗರು ಕ್ಯಾಮೆರಾ ಹಿಡಿದು ಬರುತ್ತಾರೆ. ಅದು ಆಗುಂಬೆ, ಕೊಡಗಿನ ಕಡೆಯದು. ಕಾಲ ಬೆರಳ ನಡುವಿನ ಕೆಂಪು ಪೊರೆ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ನಮ್ಮದು ಎಲೆ ಉದುರುವ ಒಣ ಕಾಡು. ಇಲ್ಲಿ ಈ ಕಂದು ಕಪ್ಪೆಯೇ ರಾಜ. ಮಳೆಗಾಲದಲ್ಲಿ ಚಂದ್ರಂಪಳ್ಳಿ ಡ್ಯಾಮಿನ ಸುತ್ತ ಕಲ್ಲಿನ ಗುಂಡಿ ತುಂಬಿದಾಗ ಬನ್ನಿ, ಸದ್ದು ಕೇಳಿಸುತ್ತೇನೆ.

ಶಹಾಪುರದ ರೈತರು:

ಹಾವಿನ ವಿಷಯ ಯಾರೂ ಮಾತಾಡಲಿಲ್ಲ. ಕಪ್ಪೆ ಇದ್ದಲ್ಲಿ ಹಾವು ಬರಲ್ಲ ಅಂತ ನಾನು ಹೇಳಲ್ಲ. ನಮ್ಮ ಕಾಲುವೆ ಗದ್ದೆಯಲ್ಲಿ ಬರುತ್ತವೆ, ಆದರೆ ಅಲ್ಲಿ ಕಪ್ಪೆ ಸಾವಿರ ಇವೆ. ಒಂದು ಬಚ್ಚಲ ಕಪ್ಪೆಗೋಸ್ಕರ ಹಾವು ಓಣಿ ದಾಟಿ ಬರುತ್ತದಾ? ಬಂದರೆ ಇಲಿಗೆ ಬರುತ್ತದೆ. ಅವ್ವನ ಸಮಾಧಾನಕ್ಕೆ ಮೋರಿಯ ಬಾಯಿಗೆ ಜಾಳಿಗೆ ಹಾಕಿಸಿ, ಮೂಲೆಯ ಕಟ್ಟಿಗೆ ರಾಶಿ ತೆಗೆಸಿ. ಮರಗಪ್ಪೆ ಕಿಟಕಿಯಿಂದ ಬಂದು ಹೋಗುತ್ತದೆ, ಅದಕ್ಕೆ ಮೋರಿ ಬೇಡ.

ಇನ್ನು ಡಬ್ಬಿಯಲ್ಲಿ ಸಾಕುವುದು ಬೇಡವೇ ಬೇಡ. ನನ್ನ ಮಗ ಮಾಡಿದ್ದ. ಎರಡೇ ದಿನಕ್ಕೆ ಹಾರಿ ಹಾರಿ ಮೂತಿ ಕೆತ್ತಿಕೊಂಡಿತ್ತು.

ಬೀದರಿನ ಶಿಕ್ಷಕಿ:

ಮಗಳಿಗೆ ಡಬ್ಬಿ ಬದಲು ಒಂದು ನೋಟ್‌ಬುಕ್ ಕೊಡಿ. ಎಷ್ಟು ಗಂಟೆಗೆ ಹೊರಡುತ್ತದೆ, ಯಾವಾಗ ಬರುತ್ತದೆ, ಯಾವ ಬಣ್ಣ. ಜರ್ಮನಿಯಲ್ಲಿ ಹಿಂದೆ ಮರಗಪ್ಪೆಯನ್ನು ಗಾಜಿನ ಜಾಡಿಯಲ್ಲಿ ಪುಟ್ಟ ಏಣಿ ಇಟ್ಟು ಸಾಕುತ್ತಿದ್ದರಂತೆ. ಮೇಲೆ ಹತ್ತಿದರೆ ಬಿಸಿಲು, ಕೆಳಗಿಳಿದರೆ ಮಳೆ ಅಂತ ನಂಬಿಕೆ. ನಾವು ಮಳೆಗೆ ಕಪ್ಪೆ ಮದುವೆ ಮಾಡಿಸುತ್ತೇವೆ, ಅವರು ಕಪ್ಪೆಯ ಹತ್ತಿರ ಜೋತಿಷ್ಯ ಕೇಳುತ್ತಿದ್ದರು. ಯಾರು ಜಾಣರೋ ನೀವೇ ಹೇಳಿ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಸದ್ಯಕ್ಕೆ ಅಲ್ಲೇ ಬಿಟ್ಟಿದ್ದೇವೆ. ಫಿನಾಯಿಲ್ ಬಂದ್. ಮೂಲೆಯಲ್ಲಿ ಒಂದು ಮಣ್ಣಿನ ಪಾತ್ರೆಯಲ್ಲಿ ನೀರು ಇಟ್ಟಿದ್ದೇನೆ. ಅವ್ವ ಸ್ನಾನಕ್ಕೆ ಹೋಗುವ ಮೊದಲು ಮಗಳು ಒದ್ದೆ ಕೈಯಲ್ಲಿ ಅದನ್ನು ಎತ್ತಿ ಕಿಟಕಿಯ ಮೇಲೆ ಕೂರಿಸುತ್ತಾಳೆ. ಅವ್ವನಿಗೆ ಇನ್ನೂ ಸಿಟ್ಟು.

ಕೇಳಿದವರು, ಎರಡು ತಿಂಗಳ ನಂತರ:

ಮಿರಗದ ಮಳೆ ಬಿತ್ತು. ಆ ರಾತ್ರಿಯೇ ಬಚ್ಚಲು ಖಾಲಿ. ಮೂರನೇ ದಿನ ಅಂಗಳದ ತೊಟ್ಟಿಯ ಗೋಡೆಗೆ ನೊರೆ ಕಂಡಿತು, ಶಿಕ್ಷಕಿಯವರು ಬರೆದ ಹಾಗೇ. ಈಗ ಹೊಸ ತಾಪತ್ರಯ. ನಾಳೆ ತೊಟ್ಟಿ ತೊಳೆಯುವವನು ಬರುತ್ತಾನೆ, ಬ್ಲೀಚಿಂಗ್ ಪೌಡರ್ ಹಾಕುತ್ತಾನೆ. ಅವನನ್ನು ಮುಂದಕ್ಕೆ ಹಾಕಿದರೆ ಮತ್ತೆ ತಿಂಗಳು ಸಿಗಲ್ಲ. ಏನು ಮಾಡಲಿ?

ಬೀದರಿನ ಶಿಕ್ಷಕಿ:

ಹಳೇ ಹಲಗೆ ಅಥವಾ ಅಗಲವಾದ ಚಮಚದಿಂದ ನೊರೆಯನ್ನು ಬುಡಸಮೇತ ಮೆಲ್ಲಗೆ ಬಿಡಿಸಿ, ಒಡೆಯದ ಹಾಗೆ. ಬಕೆಟ್ಟಿನ ಬಾಯಿಗೆ ಅಡ್ಡಡ್ಡ ಕಡ್ಡಿ ಇಟ್ಟು ಅದರ ಮೇಲೆ ಇಡಿ, ನೆರಳಲ್ಲಿ. ಕೆಳಗೆ ಮಳೆನೀರು ಇರಲಿ. ನಳದ ನೀರಾದರೆ ಒಂದು ದಿನ ತೆರೆದಿಟ್ಟು ಆಮೇಲೆ ಹಾಕಿ. ಮರಿ ಇಳಿದ ಮೇಲೆ ಬೇಯಿಸಿದ ಪಾಲಕ್ ಚೂರು ಹಾಕಬಹುದು, ಜಾಸ್ತಿ ಹಾಕಿದರೆ ನೀರು ನಾರುತ್ತದೆ. ಕಾಲು ಮೂಡಿ ಹೊರಬರಲು ಒಂದೂವರೆ-ಎರಡು ತಿಂಗಳು ಹಿಡಿಯುತ್ತದೆ. ಆ ಹೊತ್ತಿಗೆ ಬಕೆಟ್ಟಿನೊಳಗೆ ಒಂದು ಕೊಂಬೆ ಓರೆಯಾಗಿ ನಿಲ್ಲಿಸಿ, ಇಲ್ಲದಿದ್ದರೆ ಹತ್ತಲು ಜಾಗವಿಲ್ಲದೆ ಮುಳುಗುತ್ತವೆ. ತೊಟ್ಟಿ ತೊಳೆಯುವವನಿಗೆ ಮೊದಲೇ ಹೇಳಿಡಿ, ಬಕೆಟ್ಟಿಗೆ ಪೌಡರ್ ಹಾಕಿಬಿಟ್ಟಾನು.

ಕೇಳಿದವರು:

ಆಯಿತು. ಬಕೆಟ್ ಎಲ್ಲಿಡೋದು ಅಂತ ಕೇಳಿದರೆ ಅವ್ವ "ಬಚ್ಚಲಾಗ ಇಡು, ಅಲ್ಲಿ ನೆರಳದ" ಅಂದಳು.