ಮಳೆಗಾಲದ ಕಾಣೆ ಫ್ರೈ: ತಪ್ಪು ಮೀನಿನದೋ, ಅಡುಗೆಮನೆಯದೋ?

ಪ್ರಶ್ನೆ: ತುಂಗಾತೀರ

ಜುಲೈ ಮೊದಲ ವಾರದಲ್ಲಿ ನಮ್ಮ ಅತ್ತೆಯವರಿಗೆ ಅರವತ್ತು ತುಂಬಿತು. ಅವರು ಗಂಗೊಳ್ಳಿಯಲ್ಲಿ ಹುಟ್ಟಿ ಬೆಳೆದವರು. ಮದುವೆಯಾಗಿ ಶಿವಮೊಗ್ಗಕ್ಕೆ ಬಂದು ಮೂವತ್ತೈದು ವರ್ಷಗಳಾದರೂ, ಊಟದ ಮಾತು ಬಂದರೆ ಅವರ ಮನಸ್ಸು ಇಂದಿಗೂ ಘಟ್ಟದ ಕೆಳಗೇ ಇರುತ್ತದೆ. ಆದ್ದರಿಂದ ನಮ್ಮೂರಿನಲ್ಲಿ ಹೊಸದಾಗಿ ಆರಂಭವಾಗಿರುವ, ನೋಡಲು ಬಹಳ ಚೆನ್ನಾಗಿರುವ ಒಂದು ಮೀನೂಟದ ಹೋಟೆಲಿಗೆ ಅವರನ್ನು ಕರೆದುಕೊಂಡು ಹೋದೆವು. ಹೋಟೆಲಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗೋಡೆಗೆ ಬಲೆ ಮತ್ತು ಹಳೆಯ ದೋಣಿಯ ಹುಟ್ಟು ತೂಗುಹಾಕಿದ್ದರು. ಅದನ್ನು ಕಂಡು ಅತ್ತೆಯ ಮುಖ ಅರಳಿದ್ದು ನಿಜ.

"ಕಾಣೆ ಇವತ್ತೇ ಮಲ್ಪೆಯಿಂದ ಬಂದಿದೆ" ಎಂದು ಬಡಿಸುವವರು ಹೇಳಿದ್ದರಿಂದ ಕಾಣೆ ರವಾ ಫ್ರೈ, ಸಿಗಡಿ ಘೀ ರೋಸ್ಟ್ ಮತ್ತು ನೀರುದೋಸೆ ಹೇಳಿದೆವು. ಕಾಣೆಯನ್ನು ಮುಟ್ಟಿದ ಕೂಡಲೇ ರವೆಯ ಹೊದಿಕೆ ಒಂದೇ ಪದರವಾಗಿ ಜಾರಿ ಕೈಗೆ ಬಂತು. ಅದರಡಿಯ ಮೀನಿನ ಮೈ ಮಸಾಲೆ ಹತ್ತದೆ, ಒದ್ದೆ ಹತ್ತಿಯ ಹಾಗೆ ಬೆಳ್ಳಗಿತ್ತು; ತಟ್ಟೆಯ ಅಂಚಿನಲ್ಲಿ ಮಂಕು ಬಣ್ಣದ ನೀರು ಕೂಡಿಕೊಂಡಿತ್ತು. ಸಿಗಡಿಯ ಬೆನ್ನಿನ ಕಪ್ಪು ನರವನ್ನು ತೆಗೆದೇ ಇರಲಿಲ್ಲ. ಅತ್ತೆ ಒಂದು ಚೂರು ಬಾಯಿಗಿಟ್ಟು, ಉಳಿದುದನ್ನು ಮೆಲ್ಲಗೆ ತಟ್ಟೆಯ ಬದಿಗೆ ಸರಿಸಿ, ನೀರುದೋಸೆಯನ್ನು ಚಟ್ನಿಯಲ್ಲಿ ತಿಂದು ಕೈತೊಳೆದರು. ನಮಗೆ ಬೇಸರವಾಗಬಾರದೆಂದು ಅಲ್ಲಿ ಏನನ್ನೂ ಹೇಳಲಿಲ್ಲ. ಶೇಕಡಾ 10ರ ಸೇವಾ ಶುಲ್ಕವೂ ಸೇರಿ ಬಿಲ್ಲು ಮೂರು ಸಾವಿರದ ಮೇಲಾಯಿತು.

ನನಗೆ ತಿಳಿಯಬೇಕಾದುದು ಇಷ್ಟು. ಈ ತಿಂಗಳಲ್ಲಿ ಘಟ್ಟದ ಮೇಲೆ ಒಳ್ಳೆಯ ಸಮುದ್ರದ ಮೀನು ಸಿಗುವುದೇ ಇಲ್ಲವೇ, ಅಥವಾ ಕೆಟ್ಟದ್ದು ಅಡುಗೆಯೇ? ಆ ಹೊತ್ತಿನಲ್ಲಿಯೇ ಹೇಳದೆ ಬಂದುದು ನನ್ನ ತಪ್ಪೇ?

ಉತ್ತರ 1: ಘಟ್ಟ ಹತ್ತಿದವನು

ನಾನು ಕುಂದಾಪುರದ ಕಡೆಯವನು, ಈಗ ಸಾಗರದಲ್ಲಿದ್ದೇನೆ. "ಇವತ್ತೇ ಮಲ್ಪೆಯಿಂದ" ಎಂಬ ಮಾತನ್ನು ಜುಲೈಯಲ್ಲಿ ಯಾರೇ ಹೇಳಿದರೂ ನಾನು ನಂಬುವುದಿಲ್ಲ. ಮೀನು ಮರಿಮಾಡುವ ಕಾಲವೆಂದು ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬೋಟುಗಳೆಲ್ಲ ದಕ್ಕೆಯಲ್ಲಿ ಸಾಲಾಗಿ ನಿಂತಿರುತ್ತವೆ. ಕಡಲು ಸ್ವಲ್ಪ ತಣ್ಣಗಾದ ದಿನ ನಾಡದೋಣಿಯವರು ಇಳಿಯುತ್ತಾರೆ, ಆದರೆ ಅವರಿಗೆ ಸಿಕ್ಕಿದ ನಾಲ್ಕು ಬುಟ್ಟಿ ಮೀನು ದಡದಲ್ಲಿಯೇ ಒಳ್ಳೆಯ ಬೆಲೆಗೆ ಖರ್ಚಾಗುತ್ತದೆ. ಹುಲಿಕಲ್ ಘಾಟಿ ಹತ್ತಿ ಬರುವಷ್ಟು ಉಳಿಯುವುದು ಅಪರೂಪ.

ಪೂರ್ವ ಕರಾವಳಿಯಲ್ಲಿ ನಿಷೇಧದ ಅವಧಿ ಬೇರೆ. ಅಲ್ಲಿ ಅದು ಏಪ್ರಿಲ್ 15ಕ್ಕೆ ಆರಂಭವಾಗಿ ಜೂನ್ 14ಕ್ಕೆ ಮುಗಿದುಹೋಗುವುದರಿಂದ, ಈಗ ನಮ್ಮ ಮಾರುಕಟ್ಟೆಗೆ ತಮಿಳುನಾಡು ಮತ್ತು ಆಂಧ್ರದ ಮೀನು ಐಸ್ ಪೆಟ್ಟಿಗೆಗಳಲ್ಲಿ ಬರುತ್ತದೆ. ದೂರದಿಂದ ಬಂದುದೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹಿಡಿದ ಗಳಿಗೆಯಿಂದ ಐಸ್ ತಪ್ಪದಿದ್ದರೆ ಅಂಜಲ್‌ನಂಥ ದೊಡ್ಡ ಮೀನು ಹಲವು ದಿನ ಚೆನ್ನಾಗಿಯೇ ಇರುತ್ತದೆ. ಎಲ್ಲಿಯದೆಂದು ನಿಜ ಹೇಳಿದ್ದರೆ ನಿಮ್ಮ ಅತ್ತೆಯವರೇ ಆ ದಿನಕ್ಕೆ ಒಪ್ಪುವ ಮೀನನ್ನು ಆರಿಸುತ್ತಿದ್ದರು. ಆ ಅವಕಾಶವನ್ನು ಕಸಿದುಕೊಂಡದ್ದೇ ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು.

ಉತ್ತರ 2: ಒಲೆಯ ಮುಂದೆ

ಹನ್ನೊಂದು ವರ್ಷ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ: ನೀವು ವರ್ಣಿಸಿದ ತಟ್ಟೆಯಲ್ಲಿ ಮೀನಿನ ತಪ್ಪಿಗಿಂತ ಕೈಯ ತಪ್ಪು ಹೆಚ್ಚಿದೆ. ಮೀನನ್ನು ನಿಧಾನವಾಗಿ ಹೆಪ್ಪುಗಟ್ಟಿಸಿದರೆ ಅದರ ಮಾಂಸದೊಳಗೆ ದೊಡ್ಡ ಐಸ್ ಹರಳುಗಳಾಗಿ ಎಳೆಗಳು ಹರಿಯುತ್ತವೆ. ಕರಗಿದಾಗ ಆ ಎಳೆಗಳಲ್ಲಿದ್ದ ನೀರೆಲ್ಲ ಸೋರಿಹೋಗುತ್ತದೆ. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ, ಬೆಳಿಗ್ಗೆ ನೀರು ಬಸಿದು, ಬಟ್ಟೆಯಲ್ಲಿ ಒತ್ತಿ ಒರೆಸಿ, ಉಪ್ಪು ಹುಳಿ ಮೆಣಸು ಹಚ್ಚಿ ಅರ್ಧ ಗಂಟೆಯಾದರೂ ಇಡಬೇಕು. ಆರ್ಡರ್ ಬಂದ ಮೇಲೆ ಬಿಸಿನೀರಿನಲ್ಲಿ ಮುಳುಗಿಸಿ ಕರಗಿಸಿ, ಒದ್ದೆ ಮೈಗೇ ರವೆ ಒತ್ತಿ ಕಾವಲಿಗೆ ಹಾಕಿದರೆ ಒಳಗಿನಿಂದ ಹಬೆ ಎದ್ದು ರವೆ ಬಿಡುತ್ತದೆ. ನೀವು ಕಂಡದ್ದು ಬಹುಶಃ ಅದನ್ನೇ. ಸಿಗಡಿಯ ಕಪ್ಪು ನರವೆಂದರೆ ಅದರ ಕರುಳು. ಬೆನ್ನು ಸೀಳಿ ಎಳೆಯಲು ಕೆಲವು ಕ್ಷಣ ಸಾಕು, ಅದನ್ನು ಬಿಟ್ಟಿದ್ದಕ್ಕೆ ಯಾವ ನೆಪವೂ ಇಲ್ಲ.

ಮುಂದಿನ ಸಲ ಬೇಯಿಸುವ ಮೊದಲು ಇಡೀ ಮೀನನ್ನು ತಂದು ತೋರಿಸಲು ಕೇಳಿ. ಕಣ್ಣು ತಿಳಿಯಾಗಿ ಉಬ್ಬಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ಮತ್ತೆ ತುಂಬಿಕೊಳ್ಳಬೇಕು. ಬಂಗುಡೆಯ ವಿಷಯದಲ್ಲಂತೂ ಸಂಕೋಚ ಬೇಡ. ತಂಪು ತಪ್ಪಿದ ಬಂಗುಡೆಯಲ್ಲಿ ಅಲರ್ಜಿಯಂಥ ತೊಂದರೆ ತರುವ ಹಿಸ್ಟಮಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ, ಅದು ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ನಾಲಿಗೆ ಚುರುಗುಟ್ಟಿದರೆ ಅಲ್ಲಿಗೇ ನಿಲ್ಲಿಸಿಬಿಡಿ.

ಉತ್ತರ 3: ಬಿಲ್ಲು ನೋಡುವವಳು

ಸೇವಾ ಶುಲ್ಕವನ್ನು ನಿಮ್ಮನ್ನು ಕೇಳದೆ ಬಿಲ್ಲಿಗೆ ಸೇರಿಸುವಂತಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮೊದಲು ಹೋಟೆಲಿನವರಿಗೇ ಹೇಳಿ. ಅವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಉತ್ತರ 4: ತೀರ್ಥಹಳ್ಳಿಯಿಂದ

ಇಷ್ಟು ಮಳೆಯಲ್ಲಿ ಕಾಣೆಯನ್ನೇ ಏಕೆ ಹುಡುಕಬೇಕು ಎಂಬುದು ನನ್ನ ಪ್ರಶ್ನೆ. ಮಲೆನಾಡಿನ ಮಳೆಗಾಲಕ್ಕೆ ಸಿಹಿನೀರಿನ ಮೀನೇ ಸರಿ. ಅಕ್ಕಿ ಕಡುಬಿನ ಜೊತೆಗೆ, ಉಪ್ಪಾಗೆ ಎಂಬ ಕಾಡುಕಾಯಿಯ ಒಣಸಿಪ್ಪೆಯ ಹುಳಿ ಹಾಕಿ ಮಣ್ಣಿನ ಗಡಿಗೆಯಲ್ಲಿ ಕುದಿಸಿ ರಾತ್ರಿಯಿಡೀ ಬಿಟ್ಟ ಮೀನುಸಾರು: ಮರುದಿನ ಬೆಳಿಗ್ಗೆ ಆ ಸಾರಿನ ಮುಂದೆ ಯಾವ ಫ್ರೈಯೂ ನಿಲ್ಲುವುದಿಲ್ಲ. ನಮ್ಮ ಅಜ್ಜನ ಕಾಲದಲ್ಲಿ ಮುಂಗಾರಿನ ಮೊದಲ ನೆರೆಗೆ ಗದ್ದೆಯ ಅಂಚಿನಲ್ಲಿ ಕೂಣಿ (ಮೀನು ಹಿಡಿಯುವ ಬಿದಿರಿನ ಬುಟ್ಟಿ) ಇಟ್ಟು ಹತ್ತುಮೀನು ಹಿಡಿಯುತ್ತಿದ್ದರು. ಅವು ಮೊಟ್ಟೆಯಿಡಲು ಮೇಲೇರಿ ಬರುವ ಮೀನುಗಳಾದ್ದರಿಂದ ನಾನು ಅದನ್ನು ಬಿಟ್ಟು ಬಹಳ ವರ್ಷಗಳಾದವು. ಕೆರೆಯಲ್ಲಿ ಸಾಕಿದ ಕಾಟ್ಲಾ, ರೋಹು ಸಾಕು. ಜೀವಂತ ಮೀನನ್ನು ಕಣ್ಣೆದುರಿಗೇ ತೂಗಿ ಕೊಡುವವರಿದ್ದಾರೆ.

ಪ್ರಶ್ನೆ ಕೇಳಿದವರಿಂದ: ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಹೋಟೆಲಿಗೆ ಫೋನ್ ಮಾಡಿ, ರವೆ ಕಳಚಿದ್ದರಿಂದ ಹಿಡಿದು ಸಿಗಡಿಯ ನರದವರೆಗೆ ಎಲ್ಲವನ್ನೂ ಹೇಳಿದೆ. ಮೀನು ಮಲ್ಪೆಯದಲ್ಲ ಎಂದು ವ್ಯವಸ್ಥಾಪಕರು ಒಪ್ಪಿಕೊಂಡರು, ಸೇವಾ ಶುಲ್ಕವನ್ನು ಹಿಂದಿರುಗಿಸಿದರು. ಅಡುಗೆಯ ಬಗ್ಗೆ ಮಾತ್ರ ಸ್ಪಷ್ಟವಾಗಿ ಏನೂ ಹೇಳಲಿಲ್ಲ. ಆಗಸ್ಟಿನಲ್ಲಿ ಬೋಟು ಇಳಿದರೂ ನಮ್ಮ ಮನೆಯಲ್ಲಿ ಶ್ರಾವಣಕ್ಕೆ ಮೀನು ತರುವುದಿಲ್ಲವಾದ್ದರಿಂದ, ಚೌತಿ ಕಳೆದ ಮೇಲೆ ಅತ್ತೆಯವರನ್ನು ಗಂಗೊಳ್ಳಿಗೇ ಕರೆದುಕೊಂಡು ಹೋಗುವುದೆಂದು ನಿಶ್ಚಯಿಸಿದ್ದೇವೆ. ಈ ಭಾನುವಾರ ಕಾಟ್ಲಾ ತರುತ್ತೇನೆ. ತೀರ್ಥಹಳ್ಳಿಯವರು ದಯವಿಟ್ಟು ತಿಳಿಸಬೇಕು: ಒಂದು ಕಿಲೋ ಮೀನಿಗೆ ಉಪ್ಪಾಗೆ ಸಿಪ್ಪೆ ಎಷ್ಟು ಬೇಕು, ಅದನ್ನು ಮೊದಲೇ ನೆನೆಸಬೇಕೇ?