ಸಂಬಳ ಒಂದು, ಸಾಲು ಹತ್ತು: ಗ್ನೂಕ್ಯಾಶ್‌ನಲ್ಲಿ ಬೇಗ ನಮೂದಿಸೋದು ಹೇಗೆ?

ಪ್ರಶ್ನೆ, ಹುಬ್ಬಳ್ಳಿಯಿಂದ

ಮನಿ ಲೆಕ್ಕ ಗ್ನೂಕ್ಯಾಶ್ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ನಾಗ ಇಡಾಕತ್ತು ಎಂಟು ತಿಂಗಳಾತ್ರಿ. ಹಾಲು, ಪೆಟ್ರೋಲ್ ಅಂಥಾವು ತ್ರಾಸ ಇಲ್ಲ. ಸಂಬಳ, ಮನಿ ಸಾಲದ ಇಎಂಐ, ಸೂಪರ್ ಮಾರ್ಕೆಟ್ ಬಿಲ್ ಬಂತಂದ್ರ ಒಂದೊಂದಕ್ಕೂ ಎಂಟ್ಹತ್ತು ಸಾಲು. ಭಾನುವಾರ ಮುಂಜಾನೆ ಅದರಾಗ ಹೋಗತೈತಿ. ಇಷ್ಟು ಮಾಡಿದ್ರೂ ಕಡೀಕ ಇಪ್ಪತ್ತೋ ಮೂವತ್ತೋ ರೂಪಾಯಿ ‘ಇಂಬ್ಯಾಲೆನ್ಸ್-ಐಎನ್‌ಆರ್’ ಅನ್ನೋ, ತಾಳೆ ಆಗದ ರೊಕ್ಕದ ಖಾತೆದಾಗ ಹೋಗಿ ಕುಂತಿರತೈತಿ. ನೀವೆಲ್ಲ ಹೆಂಗ ಮಾಡ್ತೀರಿ?

ಬೆಂಗಳೂರಿನಿಂದ

ಸಂಬಳದ ಬಗ್ಗೆ ಮಾತ್ರ ಹೇಳ್ತೀನಿ, ಅದರಲ್ಲೇ ನಾನು ಜಾಸ್ತಿ ಪೆಟ್ಟು ತಿಂದಿರೋದು.

ಒಂದು ತಿಂಗಳದ್ದನ್ನ ಸಾವಕಾಶವಾಗಿ ಕೂತು ಪೂರ್ತಿ ಬರೀರಿ. ವಿವರಣೆಯಲ್ಲಿ ಬರೀ ‘ಸಂಬಳ’ ಅಂತಿರಲಿ. ಮುಂದಿನ ತಿಂಗಳು ಅದೇ ಬ್ಯಾಂಕ್ ಖಾತೆ ತೆರೆದು ‘ಸಂಬಳ’ ಅಂತ ಹೊಡೆದು ಟ್ಯಾಬ್ ಒತ್ತಿದರೆ ಹಿಂದಿನ ಸಾಲುಗಳೆಲ್ಲ ಮೊತ್ತದ ಸಮೇತ ಬಂದು ಕೂತ್ಕೊಳ್ತವೆ. ‘ಜೂನ್ ಸಂಬಳ’, ‘ಜುಲೈ ಸಂಬಳ’ ಅಂತ ಬರೆಯೋ ಚಟ ಇದ್ದರೆ ಬಿಡಿ. ತಿಂಗಳು ಯಾವುದು ಅಂತ ದಿನಾಂಕವೇ ಹೇಳುತ್ತೆ.

ನನ್ನ ಸಾಲುಗಳು ಹೀಗಿವೆ (ಅಂಕಿ ಸ್ವಲ್ಪ ತಿದ್ದಿದ್ದೀನಿ). ಆದಾಯದ ಕಡೆ ಮೂಲ ವೇತನ 40,000, ಮನೆ ಬಾಡಿಗೆ ಭತ್ಯೆ 16,000, ವಿಶೇಷ ಭತ್ಯೆ 24,000. ಕಡಿತ ಅಂದ್ರೆ ಪಿಎಫ್ 4,800, ವೃತ್ತಿ ತೆರಿಗೆ 200, ಕ್ಯಾಂಟೀನ್ 600. ಬ್ಯಾಂಕಿಗೆ ಬಂದದ್ದು 74,400. ಪಿಎಫ್ ಖರ್ಚಲ್ಲ, ಆಸ್ತಿ. ಮೊದಲ ವರ್ಷ ಅದನ್ನ ಖರ್ಚಿಗೆ ಹಾಕಿ, ‘ಇಷ್ಟು ದುಡಿದರೂ ಯಾಕೆ ಉಳೀತಿಲ್ಲ’ ಅಂತ ತಲೆ ಕೆಡಿಸ್ಕೊಂಡಿದ್ದೆ. ಕಂಪನಿ ಹಾಕೋ 4,800ರಲ್ಲಿ 1,250 ಪಿಂಚಣಿಗೆ ಹೋಗಿ 3,550 ಮಾತ್ರ ಪಿಎಫ್‌ಗೆ ಬರುತ್ತೆ. ಪಾಸ್‌ಬುಕ್‌ಗೆ ತಾಳೆ ಆಗಬೇಕಂದ್ರೆ ಇದನ್ನೂ ಬರೀಬೇಕು.

ಒಂದು ಎಚ್ಚರಿಕೆ. ಹಳೇ ಮೊತ್ತ ತಾನಾಗೇ ಬರೋದ್ರಿಂದ ಕಣ್ಣು ಮುಚ್ಚಿ ಎಂಟರ್ ಹೊಡೀತೀವಿ. 2025ರ ಏಪ್ರಿಲ್‌ನಿಂದ ನಮ್ಮಲ್ಲಿ ವೃತ್ತಿ ತೆರಿಗೆ ಹನ್ನೊಂದು ತಿಂಗಳು 200, ಫೆಬ್ರವರಿಯಲ್ಲಿ 300. ಆ ತಿಂಗಳು ಬ್ಯಾಂಕಿಗೆ ಬರೋದು ನೂರು ರೂಪಾಯಿ ಕಮ್ಮಿ. ಅದಕ್ಕೇ ನಾನು ಮೊದಲು ಬ್ಯಾಂಕಿನ ಎಸ್ಸೆಮ್ಮೆಸ್ ನೋಡಿ ಕೈಗೆ ಬಂದ ಮೊತ್ತ ತಿದ್ದುತ್ತೀನಿ. ತಾಳೆ ಆಗದಿದ್ದರೆ ಸಂಬಳದ ಚೀಟಿ ತೆಗೀತೀನಿ, ತಾಳೆ ಆದರೆ ಮಾತ್ರ ಮುಂದಕ್ಕೆ.

ಮಂಗಳೂರಿನಿಂದ

ಇಎಂಐಗೆ ನಿಗದಿತ ವಹಿವಾಟು (ಪ್ರತಿ ತಿಂಗಳು ತಾನಾಗಿ ಬರುವಂತೆ ಮೊದಲೇ ಬರೆದಿಡುವ ನಮೂದು) ಇಟ್ಟುಕೊಳ್ಳಿ. ಅದರಲ್ಲಿ ಬಡ್ಡಿಯ ಜಾಗದಲ್ಲಿ ಅಂಕಿಯ ಬದಲು ‘ಬಿ’ ಎಂದೇನಾದರೂ ಒಂದು ಅಕ್ಷರ ಹಾಕಿದರೆ (ನಾನು ಇಂಗ್ಲಿಷ್ ಅಕ್ಷರವನ್ನೇ ಹಾಕುವುದು), ಪ್ರತಿ ತಿಂಗಳು ‘ಇದರ ಬೆಲೆ ಎಷ್ಟು’ ಎಂದು ಕೇಳುತ್ತದೆ. ಅಸಲಿನ ಜಾಗದಲ್ಲಿ ಇಎಂಐ ಮೈನಸ್ ಆ ಅಕ್ಷರ. ತಿಂಗಳಿಗೆ ಒಂದೇ ಅಂಕಿ ಟೈಪ್ ಮಾಡಿದರೆ ಮುಗಿಯಿತು.

30 ಲಕ್ಷ, 8.5 ಶೇಕಡಾ, 20 ವರ್ಷಕ್ಕೆ ಕಂತು ಸುಮಾರು 26,035. ಮೊದಲ ತಿಂಗಳು ಅದರಲ್ಲಿ ಬಡ್ಡಿಯೇ 21,250, ಅಸಲಿಗೆ ಹೋಗುವುದು 4,785. ಇಡೀ ಕಂತನ್ನು ಖರ್ಚೆಂದು ಬರೆದರೆ ಸಾಲ ಕರಗುವುದು ಕಾಣಿಸುವುದೇ ಇಲ್ಲ. ಗ್ನೂಕ್ಯಾಶ್‌ನಲ್ಲೇ ಸಾಲದ ಸಹಾಯಕ ಉಂಟು, ಸೂತ್ರವನ್ನು ತಾನೇ ಬರೆದುಕೊಡುತ್ತದೆ. ನನಗೆ ಒಗ್ಗಲಿಲ್ಲ. ನಮ್ಮದು ಬದಲಾಗುವ ಬಡ್ಡಿದರದ ಸಾಲ. ದರ ಬದಲಾದ ತಿಂಗಳಿಂದ ಸೂತ್ರ ಒಂದು ಹೇಳುತ್ತದೆ, ಬ್ಯಾಂಕಿನ ಸ್ಟೇಟ್‌ಮೆಂಟ್ ಇನ್ನೊಂದು.

ಶಿರಸಿಯಿಂದ

ಸಾಫ್ಟ್‌ವೇರ್ ಕಲಿತದ್ದು ಈಚೆಗೆ, ಆದರೆ ಈ ಲೆಕ್ಕ ಮಂಡಿ ಪಟ್ಟಿಯಲ್ಲೇ (ಅಡಿಕೆ ಮಾರಿದಾಗ ಮಂಡಿಯವರು ಕೊಡುವ ಲೆಕ್ಕದ ಚೀಟಿ) ನೋಡಿದ್ದು. ಮೂರು ಕ್ವಿಂಟಲ್ ಅಡಿಕೆ 45,000ದ ದರಕ್ಕೆ ಹೋಯಿತೆನ್ನಿ, 1,35,000. ಮಳೆಗಾಲದಲ್ಲಿ ತಂದ ಮುಂಗಡ 50,000 ಅದರಲ್ಲೇ ಮುರಿದುಕೊಳ್ಳುತ್ತಾರೆ, ಹಮಾಲಿ-ತೂಕ 420. ಕೈಗೆ ಬರುವುದು 84,580. ಮೊದಲು ನಾನು ಕೈಗೆ ಬಂದದ್ದನ್ನೇ ಫಸಲಿನ ಆದಾಯ ಅಂತ ಬರೆದು, ಮುಂಗಡ ಇನ್ನೂ ಬಾಕಿ ಇದೆ ಅಂತಲೇ ತೋರಿಸಿಕೊಂಡು ಕೂತಿದ್ದೆ! ಪಟ್ಟಿಯ ಕ್ರಮದಲ್ಲೇ ಸಾಲು ಬರೆದರೆ ತಪ್ಪುವುದಿಲ್ಲ.

ಮೈಸೂರಿನಿಂದ

ಮೇಲಿನವರೆಲ್ಲ ಹೇಳಿದ್ದು ಸರಿ. ಆದರೆ ಸೂಪರ್ ಮಾರ್ಕೆಟ್ ಬಿಲ್ಲಿಗೆ ಅಷ್ಟು ನಿಷ್ಠೆ ಬೇಡ. ಹೆಸರುಬೇಳೆಗೊಂದು ಸಾಲು, ಸಬೀನಾಕ್ಕೊಂದು ಸಾಲು ಯಾಕೆ ಸ್ವಾಮಿ? ವರ್ಷದ ಕೊನೆಗೆ ‘ಈ ವರ್ಷ ಸಬೀನಾಕ್ಕೆ ಎಷ್ಟಾಯ್ತು’ ಅಂತ ಮನೇಲಿ ಯಾರಾದ್ರೂ ಕೇಳಿದ್ದಾರಾ?

ಮೊನ್ನೆಯ ನಮ್ಮ ಬಿಲ್ 2,847. ಅದರಲ್ಲಿ ದಿನಸಿ ಅಲ್ಲದ್ದು ಎರಡೇ: ಮಗಳ ನೋಟ್‌ಬುಕ್ 180, ಚಪ್ಪಲಿ 399. ಮೊದಲು ಒಟ್ಟು ಮೊತ್ತ, ಆಮೇಲೆ ಈ ಎರಡು. ಮಿಕ್ಕ 2,268ನ್ನ ಗ್ನೂಕ್ಯಾಶ್ ತಾನೇ ಕೊನೇ ಸಾಲಲ್ಲಿ ತೋರಿಸುತ್ತೆ, ಅಲ್ಲಿ ‘ದಿನಸಿ’ ಅಂತ ಖಾತೆ ಆರಿಸಿದ್ರೆ ಆಯ್ತು. ನೋಟ್‌ಬುಕ್ ನಾಲ್ಕಿದ್ದರೆ ಕ್ಯಾಲ್ಕುಲೇಟರ್ ಹುಡುಕಬೇಡಿ, ಮೊತ್ತದ ಜಾಗದಲ್ಲೇ 4*45 ಅಂತ ಹೊಡೆದು ಟ್ಯಾಬ್ ಒತ್ತಿ.

ಸಂಬಳಕ್ಕೆ ಮಾತ್ರ ಹೀಗೆ ಮಾಡಬೇಡಿ. ಮಿಕ್ಕದ್ದನ್ನ ಅದೇ ತುಂಬಿಕೊಂಡ್ರೆ ತಪ್ಪೂ ಅದರಲ್ಲೇ ಮುಚ್ಚಿಹೋಗುತ್ತೆ. ದಿನಸಿಗಾದ್ರೆ ಪರವಾಗಿಲ್ಲ, ಪಿಎಫ್‌ಗೆ ಆಗಲ್ಲ.

ನಿಮ್ಮ ಇಪ್ಪತ್ತು ಮೂವತ್ತು ರೂಪಾಯಿ ಬಹುಶಃ ಬಿಲ್ಲಿನ ರಿಯಾಯಿತಿ ಇರಬೇಕು. ಸಾಮಾನಿನ ಬೆಲೆಗಳನ್ನ ಒಂದೊಂದಾಗಿ ಬರೆದಿರ್ತೀರಿ, ಕೊಟ್ಟಿರೋದು ರಿಯಾಯಿತಿ ಕಳೆದ ಮೇಲಿನ ದುಡ್ಡು.

ಮತ್ತ ಹುಬ್ಬಳ್ಳಿಯಿಂದ

ಮೈಸೂರಿನವ್ರು ಹೇಳಿದ್ದು ಖರೇ ಆತ್ರಿ. ಹಳೇ ಬಿಲ್ ನಾಲ್ಕು ತಗದು ನೋಡಿದೆ. ಮೂರರಾಗ ತೆಳಗ ಸಣ್ಣ ಅಕ್ಷರದಾಗ ರಿಯಾಯಿತಿ ಐತಿ: 22, 31, 27. ನಾಲ್ಕನೇದು ಬಿಸಿಲಿಗೆ ಮಾಸಿ ಪೂರಾ ಬೆಳ್ಳಗಾಗೇತಿ, ಅದನ್ನ ಇದ್ದಲ್ಲೇ ಬಿಟ್ಟೆ. ಸಂಬಳದ್ದು ಟ್ಯಾಬ್ ಒತ್ತಿ ನೋಡಿದೆ, ಎರಡು ನಿಮಿಷನೂ ಹಿಡೀಲಿಲ್ಲ. ಇಎಂಐದ್ದು ಮುಂದಿನ ಭಾನುವಾರ.